ಬ್ಯಾರೆ ಚಾರ್ಜರ್ ಹಾಕಿದ್ರ ಫೋನಿನ ಬ್ಯಾಟರಿ ಹಾಳಾಗತೈತೇನು?

ಕುಷ್ಟಗಿ_ಕಿರಾಣಿ

ಎಲ್ಲರಿಗೂ ನಮಸ್ಕಾರ್ರೀ. ಮನ್ಯಾಗ ಮೂರು ಫೋನ್ ಅದಾವು. ಒಂದು ಸ್ಯಾಮ್ಸಂಗ್, 25 ವ್ಯಾಟಿಂದು, ಡಬ್ಬ್ಯಾಗ ಚಾರ್ಜರ್ ಬಂದಿಲ್ಲ. ಒಂದು ಒನ್‌ಪ್ಲಸ್, ಅದರ ಜೊತಿಗೆ 80 ವ್ಯಾಟಿನ ಚಾರ್ಜರ್ ಬಂದೈತಿ. ಇನ್ನೊಂದು ಬಟನ್ ಫೋನ್. ಆ 80 ವ್ಯಾಟಿಂದ ಎಲ್ಲಕ್ಕೂ ಹಾಕಬಹುದೋ ಇಲ್ಲೋ? "ಜಾಸ್ತಿ ವ್ಯಾಟ್ ಹೊಕ್ಕರ ಬ್ಯಾಟರಿ ಉಬ್ಬತೈತಿ" ಅನ್ನಾವ್ರು ಅದಾರ, "ಪಿನ್ ಕುಂತರ ಸಾಕು, ಯಾವುದು ಹಾಕಿದ್ರೂ ನಡಿತೈತಿ" ಅನ್ನಾವ್ರೂ ಅದಾರ. ಅಂಗಡಿ ಕೌಂಟರಿನ ಫೋನ್ ಮುಂಜಾನಿಂದ ರಾತ್ರಿ ತನಕ ಚಾರ್ಜಿಗೇ ಇರತೈತಿ, ಅದರದೂ ಒಂದು ಚಿಂತಿ. ಬರೇ ಹೌದು, ಅಲ್ಲ ಅನ್ನಬ್ಯಾಡ್ರಿ, ಕಾರಣ ಹೇಳ್ರಿ.

ಶಕ್ತಿನಗರ_ಸರ್ಕ್ಯೂಟ್

80 ವ್ಯಾಟಿನದನ್ನು ಸ್ಯಾಮ್ಸಂಗ್‌ಗೆ ಹಾಕಿದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಚಾರ್ಜ್ ಮಾತ್ರ ನಿಧಾನ ಆಗುತ್ತದೆ.

ಬ್ಯಾಟರಿಗೆ ಎಷ್ಟು ಕರೆಂಟ್ ಹೋಗಬೇಕು ಎಂದು ತೀರ್ಮಾನಿಸುವ ಐಸಿ (ಚಿಪ್) ಫೋನಿನ ಬೋರ್ಡಿನ ಮೇಲಿದೆ. ಗೋಡೆಗೆ ಸಿಕ್ಕಿಸುವ ಅಡಾಪ್ಟರ್ 230 ವೋಲ್ಟ್ ಎಸಿಯನ್ನು ಇಳಿಸಿ 5 ಅಥವಾ 9 ವೋಲ್ಟ್ ಡಿಸಿ ಮಾಡಿ ಕೊಡುತ್ತದೆ. ಮುಂದಿನದು ಫೋನಿನ ಕೆಲಸ. ಲಿಥಿಯಂ ಸೆಲ್ ಎರಡು ಹಂತದಲ್ಲಿ ತುಂಬುತ್ತದೆ. ಮೊದಲು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದು ತುಂಬಿಸುತ್ತಾರೆ. ಸೆಲ್ಲಿನ ವೋಲ್ಟೇಜ್ ತನ್ನ ಮಿತಿ ಮುಟ್ಟಿದ ಮೇಲೆ (ಹಳೆಯ ಸೆಲ್ಲಿಗೆ 4.2, ಈಗಿನ ಬಹುತೇಕ ಫೋನುಗಳಲ್ಲಿ 4.4 ಚಿಲ್ಲರೆ) ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತ ಬರುತ್ತಾರೆ. 80 ಶೇಕಡಾ ದಾಟಿದ ಮೇಲೆ ಚಾರ್ಜ್ ಮಂದವಾಗುವುದು ಇದಕ್ಕೇ. ಅಲ್ಲಿ ಚಾರ್ಜರಿನ ದೋಷ ಹುಡುಕಬೇಡಿ.

ಎಡದಂಡೆ ಕಾಲುವೆಯಲ್ಲಿ ಎಷ್ಟೇ ನೀರಿದ್ದರೂ ತೂಬು ಎತ್ತಿದಷ್ಟೇ ಹೊಲಕ್ಕೆ ಬರುತ್ತದಲ್ಲ, ಆಂಪಿಯರ್ ಕೂಡ ಹಾಗೆಯೇ. ಅಡಾಪ್ಟರ್ 7 ಆಂಪಿಯರ್ ಕೊಡಬಲ್ಲುದಾದರೂ ಫೋನ್ 2 ಎಳೆದರೆ ಹೋಗುವುದು 2 ಮಾತ್ರ. ವೋಲ್ಟೇಜ್ ವಿಷಯ ಬೇರೆ. ಅದು ಹೆಚ್ಚಿದರೆ ಫೋನ್ ತಡೆದುಕೊಳ್ಳಲೇಬೇಕಾಗುತ್ತದೆ. ಆದ್ದರಿಂದ ಸರಿಯಾಗಿ ಮಾಡಿದ ಯಾವ ಅಡಾಪ್ಟರೂ ಫೋನ್ ಕೇಳದೆ 5 ವೋಲ್ಟ್ ದಾಟುವುದಿಲ್ಲ.

ಕೇಳುವ ರೀತಿ ಕಂಪನಿಗೊಂದು. ಯುಎಸ್‌ಬಿ ಪಿಡಿ ಎಂಬುದು ಎಲ್ಲರಿಗೂ ತೆರೆದ ಪದ್ಧತಿ: 5, 9, 15, 20 ವೋಲ್ಟ್. ಅದರ ಮೇಲೆ ಪಿಪಿಎಸ್ ಇದ್ದರೆ ವೋಲ್ಟೇಜನ್ನು 20 ಮಿಲಿವೋಲ್ಟ್‌ನಷ್ಟು ಸಣ್ಣ ಮೆಟ್ಟಿಲಲ್ಲಿ ಏರಿಸಿ ಇಳಿಸಬಹುದು. ಸ್ಯಾಮ್ಸಂಗ್‌ನ 25 ವ್ಯಾಟ್ ಪೂರ್ತಿ ಸಿಗಬೇಕಾದರೆ ಪಿಪಿಎಸ್ ಬೇಕು. ಕ್ವಾಲ್ಕಾಮ್‌ನ ಕ್ವಿಕ್ ಚಾರ್ಜ್ ಇನ್ನೊಂದು. ಒಪ್ಪೊ, ಒನ್‌ಪ್ಲಸ್‌ನ ಸೂಪರ್‌ವೂಕ್ ಮೂರನೆಯದು, ಅದು ತನ್ನ ಮನೆಯವರ ಜೊತೆ ಮಾತ್ರ ಮಾತಾಡುತ್ತದೆ. ನಿಮ್ಮ 80 ವ್ಯಾಟಿನ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ ಎರಡು ಔಟ್‌ಪುಟ್ ಇರುತ್ತವೆ: 5 ವೋಲ್ಟ್ 2 ಆಂಪಿಯರ್, ಮತ್ತು 5-11 ವೋಲ್ಟ್ 7.3 ಆಂಪಿಯರ್. ಎರಡನೆಯದು ಸೂಪರ್‌ವೂಕ್ ಫೋನಿಗೆ ಮಾತ್ರ ತೆರೆಯುತ್ತದೆ. ಸ್ಯಾಮ್ಸಂಗ್‌ಗೆ ಸಿಗುವುದು ಮೊದಲನೆಯದು, ಅಂದರೆ 10 ವ್ಯಾಟ್. 5000 ಎಂಎಎಚ್ ಬ್ಯಾಟರಿ ತುಂಬಲು ಎರಡೂವರೆಯಿಂದ ಮೂರು ತಾಸು.

ಗಂಗಾವತಿ_ಬೆಂಚ್

ಸರ್ ಹೇಳಿದ್ದು ಕಂಪನಿ ಅಡಾಪ್ಟರಿಗೆ ಪೂರ್ತಿ ಖರೆ. ಆದ್ರ "ಬ್ಯಾರೆ ಚಾರ್ಜರ್" ಅಂದ್ರ ನಮ್ಮ ಕಡೆ ಮಂದಿ ಹಾಕೋದು ಬಸ್‌ಸ್ಟ್ಯಾಂಡಿನ್ಯಾಗ ಸಿಗೋ ನೂರು ರೂಪಾಯಿದು. ಅದರ ಲೆಕ್ಕ ಬ್ಯಾರೆ. ರಿಪೇರಿಗೆ ಬರೋ ಫೋನ್ ತೆಗೆದು ನೋಡಿದ್ರ ಮೊದಲು ಸತ್ತಿರೋದು ಬ್ಯಾಟರಿ ಅಲ್ಲ. ಓವರ್‌ವೋಲ್ಟೇಜ್ ತಡಿಯೋ ಐಸಿ, ಇಲ್ಲಾ ಚಾರ್ಜಿಂಗ್ ಐಸಿ, ಇಲ್ಲಾ ಚಾರ್ಜಿಂಗ್ ಪಿನ್ ಕುಂತಿರೋ ಕೆಳಗಿನ ಸಣ್ಣ ಬೋರ್ಡ್.

ಯುಎಸ್‌ಬಿ ಮೀಟರ್ ಮಧ್ಯ ಹಾಕಿ ನೋಡಿದ್ರ ಗೊತ್ತಾಗತೈತಿ. ಸರಿ ಇರೋ ಅಡಾಪ್ಟರ್, ಸರಿ ಇರೋ ವೈರ್ ಹಾಕಿದಾಗ:

5 ವೋಲ್ಟ್, 0.00 ಆಂಪಿಯರ್ ತೋರಿಸಿದ್ರ ಕರೆಂಟ್ ಒಳಗ ಹೋಗವಲ್ದು. ಪಿನ್ ಸಡ್ಲ, ಪಿನ್ನಿನ್ಯಾಗ ಧೂಳ, ಇಲ್ಲಾ ಓವರ್‌ವೋಲ್ಟೇಜ್ ಐಸಿ ಓಪನ್, ಅಂದ್ರ ಒಳಗ ಕರೆಂಟಿನ ದಾರಿ ಕಡಿದೈತಿ.

ವೋಲ್ಟ್ 5ರಿಂದ 2-3ಕ್ಕ ಕುಸಿದು, ಆಂಪಿಯರ್ ಮ್ಯಾಲ ಹೋಗಿ, ಪಿನ್ ಹತ್ರ ಬಿಸಿ ಆತು ಅಂದ್ರ ಲೈನ್ ಶಾರ್ಟ್. ಅಲ್ಲೇ ಕಿತ್ತುಬಿಡ್ರಿ, ಹಚ್ಚಿ ಇಡಬ್ಯಾಡ್ರಿ.

0.1, 0.5, 0.1 ಅಂತ ಕುಣಿದ್ರ ಅದು ಹೆಚ್ಚಾಗಿ ವೈರಿನ ದೋಷ.

ಅಗ್ಗದ ಅಡಾಪ್ಟರಿನ್ಯಾಗ ಔಟ್‌ಪುಟ್ ಹಿಡಿದು ನಿಲ್ಲಿಸೋ ಫೀಡ್‌ಬ್ಯಾಕ್ ಸರ್ಕ್ಯೂಟ್ ಹಗುರ ಇರತೈತಿ. ಅದು ಫೇಲ್ ಆದಾಗ 5 ವೋಲ್ಟ್ ಇರೋದು 8, 10ಕ್ಕ ಏರಬಹುದು, ತಡಿಲಿಕ್ಕೆ ಇನ್ನೊಂದು ಸರ್ಕ್ಯೂಟ್ ಒಳಗ ಇರೂದಿಲ್ಲ. ದೊಡ್ಡ ಫೋನ್ ಅದನ್ನ ತಡ್ಕೊಂತಾವು, ಅದರ ಇನ್‌ಪುಟ್ ಐಸಿ ಅಷ್ಟಕ್ಕೇ ಮಾಡಿದ್ದು. ಬಟನ್ ಫೋನು, ಬ್ಲೂಟೂತ್ ಇಯರ್‌ಫೋನು, ಟಾರ್ಚು ಇವು ತಡ್ಕೊಳ್ಳೂದಿಲ್ಲ.

ಶಕ್ತಿನಗರ_ಸರ್ಕ್ಯೂಟ್

ಒಪ್ಪಿದೆ. ಹಾಗಾದರೆ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ಬೇರೆ ಕಂಪನಿಯ ಒಳ್ಳೆಯ ಅಡಾಪ್ಟರ್ ಬ್ಯಾಟರಿಗೂ ಬೋರ್ಡಿಗೂ ಹಾನಿ ಮಾಡುವುದಿಲ್ಲ. ಕಳಪೆ ಅಡಾಪ್ಟರ್ ಬೋರ್ಡಿಗೂ ಕೈಗೂ ಅಪಾಯ, ಬ್ಯಾಟರಿಗೆ ನೇರವಾಗಿ ಕಡಿಮೆ. ಔಟ್‌ಪುಟ್‌ನಲ್ಲಿ ಏರಿಳಿತ ಇದ್ದರೂ ಸೆಲ್ಲಿನ ತನಕ ಅದು ಹಾಗೇ ತಲುಪುವುದಿಲ್ಲ, ನಡುವೆ ಫೋನಿನ ಐಸಿ ಇದೆ.

ಮಾನ್ವಿ_ಲೈನ್

ಕೈಗೆ ಅಪಾಯ ಅಂದ್ರಲ್ಲ, ಅದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರ ಮಂದಿ ಇದನ್ನ ಹಗುರ ತೊಗೋತಾರ.

ಅಡಾಪ್ಟರ್ ಒಳಗ 230 ವೋಲ್ಟಿನ ಕಡಿ ಒಂದು, 5 ವೋಲ್ಟಿನ ಕಡಿ ಒಂದು. ನಡುವ ಟ್ರಾನ್ಸ್‌ಫಾರ್ಮರ್, ಮತ್ತ ಒಂದು ನೀಲಿ ಬಣ್ಣದ ಸಣ್ಣ ಕೆಪಾಸಿಟರ್, ವೈ-ಕೆಪಾಸಿಟರ್ ಅಂತಾರ. ಅದರೊಳಗಿಂದ ಸ್ವಲ್ಪ ಕರೆಂಟ್ ಈ ಕಡಿ ಬರ್ತದ. 2.2 ನ್ಯಾನೋಫ್ಯಾರಡ್ ಇದ್ರ 230 ವೋಲ್ಟ್, 50 ಹರ್ಟ್ಜ್ ಮ್ಯಾಲ ಸುಮಾರು 0.16 ಮಿಲಿಆಂಪಿಯರ್. ಲೋಹದ ಬಾಡಿ ಫೋನ್ ಚಾರ್ಜಿಗೆ ಹಚ್ಚಿ ಬರಿಗಾಲಲ್ಲೆ ನಿಂತು ಮುಟ್ಟಿದ್ರ ಜುಮ್ ಅಂತದ, ಅದು ಇದ. ಒಳ್ಳೆ ಅಡಾಪ್ಟರಿನ್ಯಾಗೂ ಆಗ್ತದ, ಅಪಾಯ ಇಲ್ಲ.

ಅಪಾಯ ಯಾವಾಗ ಅಂದ್ರ, ಆ ಜಾಗದಾಗ ಸಾದಾ ಸೆರಾಮಿಕ್ ಕೆಪಾಸಿಟರ್ ಹಾಕಿದಾಗ. ವೈ-ಕೆಪಾಸಿಟರ್ ಕೆಟ್ರ ಓಪನ್ ಆಗೋ ಹಂಗ ಮಾಡಿರ್ತಾರ. ಸಾದಾದು ಶಾರ್ಟ್ ಆಗಬಹುದು, ಆಗ ಫೋನಿನ ಬಾಡಿಗೇ ಮೇನ್ಸ್ ಬರ್ತದ. ಕಿವಿಗೆ ಇಯರ್‌ಫೋನ್ ವೈರ್ ಹಾಕ್ಕೊಂಡು ಚಾರ್ಜಿಗೆ ಹಚ್ಚಿ ಮಾತಾಡಬ್ಯಾಡ್ರಿ ಅನ್ನೋದು ಅದಕ್ಕ. ಚಾರ್ಜಿಗೆ ಹಚ್ಚಿದಾಗ ಟಚ್ ತಾನಾಗೇ ಒತ್ತಿದಂಗ ಕುಣಿತಿದ್ರ ಅಡಾಪ್ಟರಿಂದ ನಾಯ್ಸ್ ಬರಾಕತ್ತದ ಅಂತ ತಿಳೀರಿ. ಬ್ಯಾರೆ ಅಡಾಪ್ಟರ್ ಹಾಕಿದಾಗ ನಿಂತ್ರ ಹಳೇದನ್ನ ಒಗೀರಿ.

ಮೆಗ್ಗರ್ (ಇನ್ಸುಲೇಶನ್ ಅಳಿಯೋ ಮೀಟರ್) ಇದ್ದವರು ಪರೀಕ್ಷೆ ಮಾಡಬಹುದು. ಅಡಾಪ್ಟರ್ ಸಾಕೆಟಿಂದ ತೆಗೀರಿ. ಎರಡೂ ಪಿನ್ ಕೂಡಿಸಿ ಒಂದು ಪ್ರೋಬ್, ಯುಎಸ್‌ಬಿ ಬಾಯಿಯ ತಗಡಿಗೆ ಇನ್ನೊಂದು, 500 ವೋಲ್ಟ್ ಡಿಸಿ. ನೂರಾರು ಮೆಗಾಓಮ್ ತೋರಿಸಿದ್ರ ಚಲೋ. ಕಿಲೋಓಮಿಗೆ ಇಳಿದ್ರ ಅದು ಉಳಿಸ್ಕೊಳ್ಳೋ ವಸ್ತು ಅಲ್ಲ. ಮಲ್ಟಿಮೀಟರಿನ ಓಮ್ ಸ್ಥಾನದಾಗ ಇದು ಗೊತ್ತಾಗೂದಿಲ್ಲ, ಅದರ ವೋಲ್ಟೇಜ್ ಸಾಲದು.

ಕೌಲ್‌ಬಜಾರ್_ಕಾರ್ನರ್

ತಗಳ್ಳೋವಾಗ ಏನು ನೋಡ್ಬೇಕು ಅಂತ ಹೇಳ್ತೀನಿ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಕೆಳಗೆ ಆರ್- ಅಂತ ಶುರುವಾಗೋ ಎಂಟು ಅಂಕಿಯ ನಂಬರ್, ಜೊತೆಗೆ ಐಎಸ್ 13252 ಅಂತ ಇರುತ್ತೆ (ಹೊಸವಕ್ಕೆ 62368 ಅಂತಾನೂ ಬರುತ್ತೆ). ಮೊಬೈಲಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕ್ಕಂಡು ಆ ನಂಬರ್ ಹೊಡೀರಿ. ತಯಾರಕರ ಹೆಸರು, ವಸ್ತು ಯಾವುದು ಅಂತ ತೋರಿಸುತ್ತೆ. ನಂಬರ್ ಬರ್ಲಿಲ್ಲ, ಇಲ್ಲಾ ಬಂದಿದ್ದು ಎಲ್ಇಡಿ ಬಲ್ಬಿಂದು ಅಂದ್ರೆ ಅದು ಡೂಪ್ಲಿಕೇಟ್. ನಂಬರನ್ನೂ ಕದ್ದು ಛಾಪಿಸ್ತಾರೆ, ಹಂಗಾಗಿ ಹೆಸರು ಕೂಡ್ತದಾ ಅಂತ ನೋಡೋದು ಮುಖ್ಯ.

ತೂಕ ನೋಡ್ರಿ. ಕಂಪನಿ ಮಾಲು ಕೈಗೆ ಭಾರ ಅನಿಸುತ್ತೆ, ಒಳಗೆ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಸರಿಯಾದ ಅಳತೆಗೆ ಇರ್ತವೆ. ಡೂಪ್ಲಿಕೇಟ್ ಟೊಳ್ಳು. ಕೆಲವರು ತೂಕ ಬರ್ಲಿ ಅಂತ ಒಳಗೆ ಕಬ್ಬಿಣದ ತುಂಡು ಅಂಟಿಸಿರ್ತಾರೆ, ಹಂಗಾಗಿ ತೂಕ ಒಂದೇ ನಂಬಬ್ಯಾಡ್ರಿ. ಇನ್‌ಪುಟ್ 100-240 ವೋಲ್ಟ್ ಅಂತ ಇರ್ಬೇಕು. ಔಟ್‌ಪುಟ್ ಲೆಕ್ಕ ಕೂಡ್ಬೇಕು: ಮೇಲೆ 65 ವ್ಯಾಟ್ ಅಂತ ದೊಡ್ಡದಾಗಿ ಬರೆದು ಕೆಳಗೆ 5 ವೋಲ್ಟ್ 3.1 ಆಂಪಿಯರ್ ಅಂತ ಇದ್ರೆ ಅದು ಹದಿನೈದೂವರೆ ವ್ಯಾಟು. ಗುಣಿಸಿದ್ರೆ ಅಲ್ಲೇ ಗೊತ್ತಾಗುತ್ತೆ.

ಎರಡು-ಮೂರು ಪೋರ್ಟಿನ ಅಡಾಪ್ಟರ್ ತಗಂಡವರು ಒಂದು ಗಮನಿಸ್ರಿ. ಒಂದೇ ಫೋನ್ ಹಚ್ಚಿದಾಗ ಫಾಸ್ಟ್, ಎರಡನೇದು ಹಚ್ಚಿದ ತಕ್ಷಣ ಕೆಲವು ಮಾಡೆಲಲ್ಲಿ ಎರಡೂ 5 ವೋಲ್ಟಿಗೆ ಬೀಳ್ತವೆ. ಅದು ಕೆಟ್ಟಿಲ್ಲ, ಅದರ ಡಿಸೈನೇ ಹಂಗೆ.

ಕುಷ್ಟಗಿ_ಕಿರಾಣಿ

ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್-ಸಿ ಚಾರ್ಜರ್ ಐತಿ. ಅದನ್ನ ಸ್ಯಾಮ್ಸಂಗಿಗೆ ಹಾಕಬಹುದಾ? ಅದು 20 ವೋಲ್ಟ್ ಅಂತ ಬರದೈತಿ, ಅಂಜಿಕಿ ಆಗತೈತಿ.

ಶಕ್ತಿನಗರ_ಸರ್ಕ್ಯೂಟ್

ಧಾರಾಳವಾಗಿ ಹಾಕಿ. ಟೈಪ್-ಸಿ ಅಡಾಪ್ಟರ್ ಎದುರಿಗೆ ಏನೂ ಇಲ್ಲದಿದ್ದರೆ 5 ವೋಲ್ಟನ್ನೂ ಕೊಡುವುದಿಲ್ಲ, ಬಾಯಿ ಖಾಲಿ ಇರುತ್ತದೆ. ಫೋನಿನೊಳಗೆ ಸಿಸಿ ಎಂಬ ಪಿನ್ನಿನಿಂದ ಗ್ರೌಂಡಿಗೆ 5.1 ಕಿಲೋಓಮ್ ರೆಸಿಸ್ಟರ್ ಇದೆ. ಅದು ಕಂಡಾಗ ಮೊದಲು 5 ವೋಲ್ಟ್ ಬರುತ್ತದೆ. ನಂತರ ಅದೇ ಪಿನ್ನಿನಲ್ಲಿ ಅಡಾಪ್ಟರ್ ತನ್ನ ಬಳಿ ಇರುವುದನ್ನೆಲ್ಲ ಪಟ್ಟಿ ಹೇಳುತ್ತದೆ, ಫೋನ್ ಅದರಲ್ಲಿ ಒಂದನ್ನು ಆರಿಸುತ್ತದೆ. ಸ್ಯಾಮ್ಸಂಗ್ 9 ವೋಲ್ಟ್ ಕೇಳುತ್ತದೆ, 20 ಕೇಳುವುದೇ ಇಲ್ಲ. ಲ್ಯಾಪ್‌ಟಾಪ್ ಅಡಾಪ್ಟರಿನಲ್ಲಿ ಪಿಪಿಎಸ್ ಇಲ್ಲದಿದ್ದರೆ 25ರ ಬದಲು ಸುಮಾರು 15 ವ್ಯಾಟಿಗೆ ನಿಲ್ಲಬಹುದು.

ಇದೇ ರೆಸಿಸ್ಟರ್ ಇನ್ನೊಂದು ಗೊಂದಲಕ್ಕೂ ಕಾರಣ. ಟೈಪ್-ಸಿ ಬಾಯಿ ಇರುವ ಅಗ್ಗದ ಟಾರ್ಚ್, ಬಟನ್ ಫೋನ್, ಇಯರ್‌ಫೋನ್ ಡಬ್ಬಿಗಳಲ್ಲಿ ಆ 5.1 ಕಿಲೋಓಮನ್ನೇ ಹಾಕದೆ ಉಳಿಸಿರುತ್ತಾರೆ. ಸಿ-ಯಿಂದ-ಸಿ ವೈರ್ (ಎರಡೂ ತುದಿ ಟೈಪ್-ಸಿ) ಹಾಕಿದರೆ ಚಾರ್ಜೇ ಆಗದು. "ಚಾರ್ಜರ್ ಕೆಟ್ಟಿದೆ" ಎಂದು ಅಂಗಡಿಗೆ ಹೋಗುವ ಮುನ್ನ ಹಳೆಯ ಎ-ಯಿಂದ-ಸಿ ವೈರ್ (ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ಟೈಪ್-ಸಿ), ಸಾದಾ 5 ವೋಲ್ಟ್ ಅಡಾಪ್ಟರ್ ಹಾಕಿ ನೋಡಿ.

ವೈರ್ ಬಗ್ಗೆಯೂ ಹೇಳಿಬಿಡುತ್ತೇನೆ. ನಿಧಾನ ಚಾರ್ಜಿನ ದೂರು ಬಹುಮಟ್ಟಿಗೆ ಇದರದ್ದೇ. ವೈರಿನೊಳಗಿನ ತಾಮ್ರ ತೆಳುವಾದಷ್ಟೂ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 28 ಗೇಜ್ (ಗೇಜ್ ಅಂಕಿ ದೊಡ್ಡದಾದಷ್ಟೂ ತಂತಿ ತೆಳು) ತಾಮ್ರಕ್ಕೆ ಮೀಟರಿಗೆ ಸುಮಾರು 0.21 ಓಮ್. ಒಂದು ಮೀಟರ್ ಕೇಬಲ್ ಎಂದರೆ ಹೋಗಿ ಬರುವ ದಾರಿ ಎರಡು ಮೀಟರ್, 0.42 ಓಮ್. 2 ಆಂಪಿಯರ್ ಹರಿದರೆ 0.84 ವೋಲ್ಟ್ ನಷ್ಟ, ಫೋನಿಗೆ ಮುಟ್ಟುವುದು 4.16. ವೋಲ್ಟ್ ಕುಸಿಯುತ್ತಿದೆ ಎಂದು ಫೋನ್ ತಾನೇ ಕರೆಂಟ್ ಇಳಿಸುತ್ತದೆ. ಅದೇ 24 ಗೇಜ್ ಆದರೆ ನಷ್ಟ 0.34 ವೋಲ್ಟ್ ಮಾತ್ರ. ಮೂರು ಮೀಟರ್ ಉದ್ದದ ತೆಳು ವೈರ್ ತಂದು ಫಾಸ್ಟ್ ಚಾರ್ಜ್ ನಿರೀಕ್ಷಿಸಬೇಡಿ. 3 ಆಂಪಿಯರ್ ಮೀರಬೇಕಾದರೆ ಸಿ-ಯಿಂದ-ಸಿ ವೈರಿನ ತುದಿಯಲ್ಲಿ, ವೈರ್ ಎಷ್ಟು ಆಂಪಿಯರ್ ತಡೆಯಬಲ್ಲದು ಎಂದು ಹೇಳುವ ಇ-ಮಾರ್ಕರ್ ಚಿಪ್ ಇರಬೇಕು. ಸ್ಯಾಮ್ಸಂಗಿನ 45 ವ್ಯಾಟಿಗೆ 5 ಆಂಪಿಯರ್ ವೈರ್ ಕೇಳುವುದು ಅದಕ್ಕೇ. 25 ವ್ಯಾಟಿಗೆ 3 ಆಂಪಿಯರಿನದು ಸಾಕು.

ವೈರ್ ಹಾನಿ ಮಾಡುವುದೂ ಉಂಟು. ಎ-ಯಿಂದ-ಸಿ ವೈರಿನೊಳಗೆ 56 ಕಿಲೋಓಮ್ ರೆಸಿಸ್ಟರ್ ಇರಬೇಕು. ಅಲ್ಲಿ 10 ಕಿಲೋಓಮ್ ಹಾಕಿದ್ದರೆ "3 ಆಂಪಿಯರ್ ಎಳೆದುಕೋ" ಎಂದು ಫೋನಿಗೆ ಸುಳ್ಳು ಹೇಳಿದಂತೆ. ಫೋನ್ ಎಳೆಯುತ್ತದೆ, ಎದುರಿಗಿರುವ ಹಳೆಯ ಕಂಪ್ಯೂಟರ್ ಪೋರ್ಟ್ ಅಥವಾ 1 ಆಂಪಿಯರ್ ಅಡಾಪ್ಟರ್ ಬಿಸಿಯಾಗಿ ಸಾಯುತ್ತದೆ. ಗೂಗಲ್‌ನ ಇಂಜಿನಿಯರ್ ಬೆನ್ಸನ್ ಲ್ಯೂಂಗ್ 2015-16ರಲ್ಲಿ ಇಂಥ ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಯಲಿಗೆಳೆದರು. ಒಂದು ವೈರಿನಲ್ಲಿ ಪವರ್ ಮತ್ತು ಗ್ರೌಂಡ್ ಅದಲುಬದಲಾಗಿತ್ತು. ಅದು ಅವರ ಲ್ಯಾಪ್‌ಟಾಪನ್ನೂ ಪರೀಕ್ಷಾ ಉಪಕರಣವನ್ನೂ ಸುಟ್ಟಿತು.

ಗಂಗಾವತಿ_ಬೆಂಚ್

ಮ್ಯಾಗ್ನೆಟ್ ತುದಿ ವೈರ್ ಬಗ್ಗೆಯೂ ಸೇರಿಸ್ರಿ ಸರ್. ಆ ತುದಿ ಫೋನಿನ್ಯಾಗೇ ಬಿಟ್ಟಿರತಾರ, ಇನ್ನೊಂದು ತುದಿ ಹಾಸಿಗಿ ಮ್ಯಾಲ ಬಿದ್ದಿರತೈತಿ, ಅದಕ್ಕ ಕರೆಂಟ್ ಇದ್ದಿದ್ರ ಕೀಲಿಕೈ, ಪಿನ್ನು ಏನರ ಅಂಟಿದ್ರ ಶಾರ್ಟು. ನನ್ನ ಮಾತು ಕೇಳಿದ್ರ ಅದನ್ನ ತೊಗೊಳ್ಳಬ್ಯಾಡ್ರಿ.

ಈಗ ಬಟನ್ ಫೋನಿಗೆ ಬರೋಣ. ಮ್ಯಾಲ ಎಲ್ಲಾರೂ "ಫೋನಿನ ಐಸಿ ನೋಡ್ಕೊಂತೈತಿ" ಅಂದ್ರಲ್ಲ, ಆ ಮಾತು ಒಂದು ಕಡೆ ಮಾತ್ರ ನಡಿಯೂದಿಲ್ಲ. ಬ್ಯಾಟರಿ ಹೊರಗ ತೆಗೆದು ಎರಡು ಕಡ್ಡಿ ಮುಟ್ಟಿಸಿ ಗೋಡೆಗೆ ಸಿಕ್ಕಿಸೋ ಕ್ಲಿಪ್ ಚಾರ್ಜರ್ ಬರತೈತಿ ನೋಡ್ರಿ, ಮಿಣಮಿಣ ಲೈಟಿಂದು. ಅದು ಸೆಲ್ಲಿಗೆ ನೇರ ಕರೆಂಟ್ ಕೊಡತೈತಿ, ನಡುವ ಫೋನೇ ಇಲ್ಲ. 4.2 ವೋಲ್ಟಿಗೆ ಸರಿಯಾಗಿ ನಿಲ್ಲಿಸಬೇಕು. ಅಗ್ಗದ ಕ್ಲಿಪ್ಪು 4.3, 4.4 ತನಕ ಒಯ್ಯೋದೂ ಉಂಟು. ಬ್ಯಾಟರಿ ತಲ್ಯಾಗಿನ ಸಣ್ಣ ಪ್ರೊಟೆಕ್ಷನ್ ಬೋರ್ಡ್ ಕೊನೀ ಕಾವಲು, ಡೂಪ್ಲಿಕೇಟ್ ಬ್ಯಾಟರ್ಯಾಗ ಅದೂ ಇರೂದಿಲ್ಲ. ಬಟನ್ ಫೋನಿನ ಬ್ಯಾಟರಿ ಉಬ್ಬಿದ್ರ ಈ ಕ್ಲಿಪ್ಪಿನ ಮ್ಯಾಲ ಸಂಶಯ ಪಡ್ರಿ. ಬಟನ್ ಫೋನಿಗೆ 5 ವೋಲ್ಟಿನ ಸಾದಾ ಅಡಾಪ್ಟರ್ ಸಾಕು. ನಿಮ್ಮ 80 ವ್ಯಾಟಿಂದು ಹಾಕಿದ್ರೂ ಅದು 5 ವೋಲ್ಟೇ ಕೊಡತೈತಿ, ಚಿಂತಿ ಬ್ಯಾಡ.

ದೊಡ್ಡ ಫೋನಿನ ಬ್ಯಾಟರಿ ಉಬ್ಬಿದಾಗ ಮಂದಿ ಚಾರ್ಜರಿಗೆ ಬೈತಾರ, ಆದ್ರ ಎಷ್ಟೋ ಸಲ ಕಾರಣ ಹಿಂದ ಬದಲಿಸಿದ ಡೂಪ್ಲಿಕೇಟ್ ಬ್ಯಾಟರಿ. ಎರಡು ಮೋಸ ಅದಾವು. ಒಂದು, ಫೋನ್ 4.45 ವೋಲ್ಟ್ ತನಕ ತುಂಬತೈತಿ, ಹಾಕಿದ ಸೆಲ್ 4.2ರದ್ದು. ಪ್ರತಿ ಸಲ ಓವರ್‌ಚಾರ್ಜ್. ಇನ್ನೊಂದು ಇನ್ನೂ ಕೆಟ್ಟದ್ದು. ಬ್ಯಾಟರ್ಯಾಗ ಬಿಸಿ ಅಳಿಯಾಕ ಥರ್ಮಿಸ್ಟರ್ ಇರತೈತಿ, ಬಿಸಿ ಏರಿದಂಗ ಅದರ ರೆಸಿಸ್ಟೆನ್ಸ್ ಇಳಿತೈತಿ. ಕೆಲವು ಡೂಪ್ಲಿಕೇಟಿನ್ಯಾಗ ಆ ಜಾಗದಾಗ 10 ಕಿಲೋಓಮಿನ ಸಾದಾ ರೆಸಿಸ್ಟರ್ ಕೂಡಿಸಿರತಾರ. ಬ್ಯಾಟರಿ ಸುಡತಿದ್ರೂ ಫೋನಿಗೆ 25 ಡಿಗ್ರಿ ಅಂತಾನೇ ಕಾಣತೈತಿ, ಅದು ಚಾರ್ಜ್ ಕಡಿಮಿ ಮಾಡೂದೇ ಇಲ್ಲ.

ಪರೀಕ್ಷೆ ಸರಳ. ಬಹಳಷ್ಟು ಸ್ಯಾಮ್ಸಂಗಿನ್ಯಾಗ ಡಯಲ್ ಮಾಡೋ ಜಾಗದಾಗ *#0228# ಒತ್ತಿದ್ರ ಬ್ಯಾಟರಿ ಬಿಸಿ, ವೋಲ್ಟ್ ಎಲ್ಲಾ ಬರತೈತಿ. ಬ್ಯಾರೆ ಫೋನಿಗೆ ಆ್ಯಂಪಿಯರ್ ಅನ್ನೋ ಆ್ಯಪ್ ಹಾಕ್ರಿ. ಅರ್ಧ ತಾಸು ಚಾರ್ಜಿಗೆ ಹಚ್ಚಿ, ಹಿಂದ ಕೈ ಇಟ್ಟು ನೋಡ್ರಿ. ಕೈಗೆ ಬಿಸಿ ಹತ್ತಿದ್ರೂ ಸ್ಕ್ರೀನಿನ ಮ್ಯಾಲಿನ ಅಂಕಿ ಮಿಸುಕಾಡಲಿಲ್ಲ ಅಂದ್ರ ಆ ಬ್ಯಾಟರಿ ತೆಗೆಸ್ರಿ.

ಶಕ್ತಿನಗರ_ಸರ್ಕ್ಯೂಟ್

ಬಿಸಿಯ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಭಾಗದಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಬೇರೆ ಚಾರ್ಜರ್ ಅಲ್ಲ, ಬಿಸಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಲು 0ರಿಂದ 45 ಡಿಗ್ರಿ ಎಂಬುದು ಸಾಮಾನ್ಯ ಮಿತಿ. ಅದೂ ಸೆಲ್ಲಿನ ಬಿಸಿ, ಕೋಣೆಯದಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಹೊರಗೆ 40 ದಾಟಿರುತ್ತದೆ, ತಗಡಿನ ಮನೆಯೊಳಗೆ ಅದಕ್ಕಿಂತ ಹೆಚ್ಚು. ಚಾರ್ಜ್ ಆಗುವಾಗ ಫೋನ್ ತಾನಾಗಿಯೇ ಕೆಲವು ಡಿಗ್ರಿ ಏರುತ್ತದೆ. ಅಂದರೆ ನಾವು ಶುರು ಮಾಡುವುದೇ ಮಿತಿಯ ಹತ್ತಿರದಿಂದ. ಬಿಸಿಯಲ್ಲಿ ಸೆಲ್ಲಿನೊಳಗೆ ಬೇಡದ ರಾಸಾಯನಿಕ ಕ್ರಿಯೆಗಳು ವೇಗವಾಗುತ್ತವೆ, ಎಲೆಕ್ಟ್ರೋಲೈಟ್ ಒಡೆದು ಅನಿಲವಾಗುತ್ತದೆ. ಉಬ್ಬುವುದು ಆ ಅನಿಲದಿಂದ. 100 ಶೇಕಡಾ ತುಂಬಿ, ಬಿಸಿಯಲ್ಲೇ ತಾಸುಗಟ್ಟಲೆ ಕೂತರೆ ಎರಡೂ ಸೇರಿ ಆಯುಷ್ಯ ತಿನ್ನುತ್ತವೆ.

ಹಾಗಾಗಿ ಬೇಸಿಗೆಯಲ್ಲಿ 10 ವ್ಯಾಟಿನ ನಿಧಾನ ಅಡಾಪ್ಟರ್ ಬ್ಯಾಟರಿಗೆ ಒಳ್ಳೆಯದೇ, ಬಿಸಿ ಕಡಿಮೆ. ಕವರ್ ತೆಗೆದು, ಕಲ್ಲಿನ ನೆಲ ಅಥವಾ ಕಡಪ ಕಟ್ಟೆಯ ಮೇಲೆ ಇಟ್ಟು, ಬೆಳಗಿನ ಜಾವ ಚಾರ್ಜ್ ಮಾಡಿ. ಹಾಸಿಗೆ, ದಿಂಬಿನ ಕೆಳಗೆ ಬೇಡ. ಚಾರ್ಜಿಗೆ ಹಚ್ಚಿ ಗೇಮ್ ಆಡಿದರೆ, ವಿಡಿಯೊ ಕರೆ ಮಾಡಿದರೆ ಪ್ರೊಸೆಸರಿನ ಬಿಸಿಯೂ ಸೇರುತ್ತದೆ. ವೈರ್‌ಲೆಸ್ ಚಾರ್ಜಿಂಗನ್ನು ಮೇ ತಿಂಗಳಲ್ಲಿ ಮುಟ್ಟದಿರುವುದೇ ಮೇಲು, ಅಲ್ಲಿ ನಷ್ಟವಾಗುವ ಶಕ್ತಿಯೆಲ್ಲ ಫೋನಿನ ಬೆನ್ನಿಗೇ ಬಿಸಿಯಾಗಿ ಬರುತ್ತದೆ. ಬಿಸಿಯಾಯಿತೆಂದು ಫ್ರಿಜ್ಜಿನೊಳಗೆ ಇಡಬೇಡಿ, ಒಳಗೆ ಹನಿ ಕಟ್ಟುತ್ತದೆ.

ಕುಷ್ಟಗಿ_ಕಿರಾಣಿ

ಅಂದ್ರ ಕೌಂಟರಿನ ಫೋನಿಗೆ ಇದೇ ಆಗಾಕತ್ತೈತಿ ಅನ್ರಿ. ಇಡೀ ದಿನ 100 ಇರತೈತಿ, ಮ್ಯಾಲ ತಗಡಿನ ಶೀಟು.

ಶಕ್ತಿನಗರ_ಸರ್ಕ್ಯೂಟ್

ಹೌದು. ಸ್ಯಾಮ್ಸಂಗ್ ಆಗಿದ್ದರೆ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಪ್ರೊಟೆಕ್ಷನ್ ಒಳಗೆ ಮ್ಯಾಕ್ಸಿಮಮ್ ಎಂಬುದನ್ನು ಆರಿಸಿ 80ಕ್ಕೆ ನಿಲ್ಲಿಸಿ. ಐಫೋನ್ 15 ಮತ್ತು ಆಮೇಲಿನವುಗಳಲ್ಲೂ 80ರ ಮಿತಿ ಇದೆ. ಆ ಸೌಲಭ್ಯ ಇಲ್ಲದ ಫೋನಿಗೆ ಸಾಕೆಟ್ಟಿನಲ್ಲಿ ಟೈಮರ್ ಪ್ಲಗ್ ಹಾಕಿ: ಬೆಳಿಗ್ಗೆ ಒಂದು ತಾಸು, ಮಧ್ಯಾಹ್ನ ಅರ್ಧ ತಾಸು, ಸಂಜೆ ಅರ್ಧ ತಾಸು. ಬ್ಯಾಟರಿ 40ರಿಂದ 80ರ ನಡುವೆ ಆಡುವಂತೆ ಹೊಂದಿಸಿಕೊಳ್ಳಿ. ಪೇಮೆಂಟ್ ಹೇಳುವ ಸೌಂಡ್‌ಬಾಕ್ಸಿಗೂ ಒಳಗೆ ಲಿಥಿಯಂ ಸೆಲ್ಲೇ ಇದೆ. ಅದಕ್ಕೆ ಸಾದಾ 5 ವೋಲ್ಟ್ ಅಡಾಪ್ಟರ್ ಸಾಕು, ರಾತ್ರಿ ಅಂಗಡಿ ಮುಚ್ಚುವಾಗ ಕಿತ್ತುಬಿಡಿ.

ಮಾನ್ವಿ_ಲೈನ್

ಅಂಗಡಿ ಮುಚ್ಚುವಾಗ ಕೀಳ್ರಿ ಅಂದದ್ದಕ್ಕ ನನ್ನ ಕಡಿಂದ ಇನ್ನೊಂದು ಕಾರಣ. ನಮ್ಮ ಹಳ್ಳಿಗಳಾಗ ಗಾಳಿ-ಮಳಿ ಬಂದಾಗ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಹತ್ರ ನ್ಯೂಟ್ರಲ್ ಕಟ್ ಆಗ್ತದ. ಮೂರು ಫೇಸಿನ ಲೋಡ್ ಸಮ ಇಲ್ಲಂದ್ರ ಒಂದು ಓಣಿಗೆ 120 ವೋಲ್ಟ್, ಇನ್ನೊಂದು ಓಣಿಗೆ 300 ಮ್ಯಾಲ ಹೋಗ್ತದ. ಅಡಾಪ್ಟರ್ ಒಳಗಿನ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ವೋಲ್ಟಿಂದು. 240 ವೋಲ್ಟ್ ಎಸಿ ಅಂದ್ರ ಶಿಖರ 339, ತಡ್ಕೋತದ. 300 ಎಸಿ ಅಂದ್ರ ಶಿಖರ 424, ಅಲ್ಲಿಗೆ ಡಬ್ ಅಂತ ಸಿಡೀತದ. ಒಳ್ಳೆ ಅಡಾಪ್ಟರಿನ್ಯಾಗ ಫ್ಯೂಸ್ ಹಾರಿ ಅಲ್ಲಿಗೇ ಮುಗೀತದ, ಫೋನ್ ಉಳೀತದ. ಕಳಪಿದು ಫೋನಿಗೂ ದಾಟಿಸ್ತದ. ಬಲ್ಬ್ ಒಮ್ಮೆಲೆ ಬೆಳ್ಳಗ ಉರಿದು ಮತ್ತ ಮಂಕಾಗಿ ಕುಣೀತಿದ್ರ ಮೊದಲು ಮೇನ್ ಸ್ವಿಚ್ ಬಂದ್ ಮಾಡ್ರಿ, ಚಾರ್ಜರ್ ಕೀಳೋದು ಆಮ್ಯಾಲ.

ಪಂಪ್‌ಸೆಟ್ ಎಲ್ಲಾ ಚಾಲೂ ಇದ್ದಾಗ ಲೈನಿನ ತುದಿಗೆ ವೋಲ್ಟೇಜ್ 160-170ಕ್ಕ ಇಳಿದ್ರ ಚಿಂತಿ ಇಲ್ಲ. 100-240 ಅಂತ ಬರೆದ ಅಡಾಪ್ಟರ್ ಅದರಾಗೂ 5 ವೋಲ್ಟೇ ಕೊಡ್ತದ. ಸಾಕೆಟ್ ಸಡ್ಲ ಇರೋದು ಮಾತ್ರ ಕೆಟ್ಟದ್ದು. ಪಿನ್ ಕಪ್ಪಾಗಿದ್ರ, ಚಟಚಟ ಸಪ್ಪಳ ಬಂದ್ರ ಸಾಕೆಟ್ ಬದಲಿಸ್ರಿ, ಅಡಾಪ್ಟರಿಗೆ ಕಾಗದ ಮಡಚಿ ತುರುಕಬ್ಯಾಡ್ರಿ.

ಸಂಡೂರು_ಟಿಪ್ಪರ್

ಗಾಡಿ ವಿಷಯಾನೂ ಸೇರಿಸ್ತೀನಿ, ಮೈನಿಂಗ್ ಕಡೆ ಇದು ಬಾಳ ಆಗುತ್ತೆ. ಕಾರು 12 ವೋಲ್ಟು, ಲಾರಿ-ಟಿಪ್ಪರ್ 24 ವೋಲ್ಟು. ಇಂಜಿನ್ ಚಾಲೂ ಇದ್ದಾಗ ಕಾರಲ್ಲಿ 14 ಚಿಲ್ಲರೆ, ಟಿಪ್ಪರಲ್ಲಿ 28 ಇರುತ್ತೆ. ಕಾರಿಂದು ಅಂತ ಬರೀ 12 ವೋಲ್ಟ್ ಬರೆದಿರೋ ಚಾರ್ಜರ್ ಟಿಪ್ಪರಿಗೆ ಹಾಕಿದ್ರೆ ಒಳಗಿನ ಐಸಿ ಶಾರ್ಟ್ ಆಗಿ 28 ವೋಲ್ಟ್ ಸೀದಾ ಫೋನಿಗೆ ಹೋಗಬಹುದು. ಇದರಲ್ಲಿ ಫೋನ್ ಉಳಿಯೋದು ಕಷ್ಟ. ಇನ್‌ಪುಟ್ 12-24 ವೋಲ್ಟ್ ಅಂತ ಇರೋದನ್ನೇ ತಗಳ್ರಿ, 32 ತನಕ ಅಂತ ಇದ್ರೆ ಇನ್ನೂ ಒಳ್ಳೇದು. ಸ್ಟಾರ್ಟ್ ಹೊಡೆಯೋವಾಗ ಫೋನ್ ಕಿತ್ತಿರ್ರಿ, ಗಾಡಿ ಚಾಲೂ ಆದ ಮೇಲೆ ಹಚ್ರಿ. ಡ್ಯಾಶ್‌ಬೋರ್ಡ್ ಮೇಲೆ ಬಿಸ್ಲಲ್ಲಿ ಇಟ್ಟು ಚಾರ್ಜ್ ಮಾಡಬ್ಯಾಡ್ರಿ.

ಅದಿರಿನ ಧೂಳು ಟೈಪ್-ಸಿ ಬಾಯಲ್ಲಿ ಗಟ್ಟಿಯಾಗಿ ಕೂರುತ್ತೆ. ವೈರ್ ಪೂರ್ತಿ ಒಳಗೆ ಹೋಗಲ್ಲ, ಅರ್ಧ ತಗುಲಿ ಪಿನ್ ಬಿಸಿಯಾಗುತ್ತೆ. ಆಗ ಮಂದಿ ಚಾರ್ಜರ್ ಬದಲಿಸ್ತಾ ಕೂರ್ತಾರೆ.

ಗಂಗಾವತಿ_ಬೆಂಚ್

ಖರೇ ಮಾತು ಅಣ್ಣ. ತೆಗೆಯೋ ರೀತಿ ಹೇಳ್ತೀನಿ. ಫೋನ್ ಸ್ವಿಚ್ ಆಫ್ ಮಾಡ್ರಿ. ಮರದ ಹಲ್ಲುಕಡ್ಡಿ ತೊಗೊಂಡು ತುದಿ ಸ್ವಲ್ಪ ಚಪ್ಪಟಿ ಮಾಡ್ರಿ. ಬಾಯಿ ಕೆಳಗ ಮಾಡಿ, ಒಳಗಿನ ಗ್ವಾಡಿ ಹಿಡ್ಕೊಂಡು ಕೆರೀರಿ. ನಡುವ ಸಣ್ಣ ನಾಲಗಿ ಐತಲ್ಲ, ಅದಕ್ಕ ತಾಗಬಾರದು, ಮುರಿದ್ರ ಪೂರಾ ಪಿನ್ ಬದಲಿಸಬೇಕು. ಸೂಜಿ, ಸೇಫ್ಟಿಪಿನ್, ಬಾಯಿಂದ ಊದೋದು ಬ್ಯಾಡ, ಉಗುಳಿನ ಹನಿ ಒಳಗ ಹೋಗತೈತಿ. ಕೆಲಸ ಮುಗಿದ ಮ್ಯಾಲ ವೈರ್ ಹಾಕಿದ್ರ ಟಕ್ ಅಂತ ಕೂಡ್ರಬೇಕು.

ಕುಷ್ಟಗಿ_ಕಿರಾಣಿ

ಎಲ್ಲಾ ತಿಳೀತು, ಬಾಳ ಉಪಕಾರ ಆತು. ಸ್ಯಾಮ್ಸಂಗಿಗೆ 25 ವ್ಯಾಟ್ ಪಿಡಿ, ಪಿಪಿಎಸ್ ಇರೋದು, ಸಿ-ಯಿಂದ-ಸಿ 3 ಆಂಪಿಯರ್ ವೈರ್, ಬಿಐಎಸ್ ನಂಬರ್ ನೋಡಿ ತೊಗೊಳ್ಳೋದು. ಒಂದು ಕೊನೀ ಪ್ರಶ್ನೆ. ಕೌಂಟರಿನ ಫೋನಿನ ಹಿಂದಿನ ಕವರ್ ಒಂದು ಮೂಲ್ಯಾಗ ಎದ್ದೈತಿ, ಬೆರಳಿಂದ ಒತ್ತಿದ್ರ ಕೂಡತೈತಿ. ಇನ್ನಷ್ಟು ದಿನ ನಡಿತೈತೇನು?

ಗಂಗಾವತಿ_ಬೆಂಚ್

ಒತ್ತಬ್ಯಾಡ್ರಿ! ಅದು ಬ್ಯಾಟರಿ ಉಬ್ಬಿ ಕವರ್ ಎಬ್ಬಿಸಿದ್ದು. ಈಗಿಂದೀಗ ಚಾರ್ಜರ್ ಕಿತ್ತು ಸ್ವಿಚ್ ಆಫ್ ಮಾಡ್ರಿ, ಮತ್ತ ಚಾರ್ಜಿಗೆ ಹಚ್ಚಬ್ಯಾಡ್ರಿ. ಫೋನ್‌ಪೇ, ಬ್ಯಾಂಕ್ ಎಲ್ಲಾ ಬ್ಯಾರೆ ಫೋನಿಗೆ ಹಾಕ್ಕೊಳ್ರಿ. ಕಾಗದ, ಬಟ್ಟಿ, ಎಣ್ಣಿ ಡಬ್ಬಿಗಳಿಂದ ದೂರ, ಸ್ಟೀಲ್ ಪಾತ್ರ್ಯಾಗ ಒಣ ಉಸುಕು ಹಾಕಿ ಅದರ ಮ್ಯಾಲ ಇಟ್ಟು ರಿಪೇರಿಗೆ ಒಯ್ರಿ. ಬ್ಯಾಟರಿ ನೀವೇ ಕೀಳಾಕ ಹೋಗಬ್ಯಾಡ್ರಿ, ಕೆಳಗ ಅಂಟು ಹಚ್ಚಿರತಾರ, ಚೂಪಂದು ಹಾಕಿ ಎಬ್ಬಿಸಿದ್ರ ತೂತು ಬಿದ್ದು ಹೊತ್ತತೈತಿ. ತೆಗೆದ ಹಳೇ ಬ್ಯಾಟರಿಯನ್ನ ಕಸದ ಗಾಡ್ಯಾಗ, ಒಲ್ಯಾಗ ಹಾಕೋ ಹಂಗಿಲ್ಲ, ಇ-ವೇಸ್ಟ್ ತೊಗೊಳ್ಳೋ ಕಡೆ ಕೊಡಬೇಕು. ಹೊಸಾದು ಹಾಕಿಸಿದ ದಿನ ಅಲ್ಲೇ ಅರ್ಧ ತಾಸು ಚಾರ್ಜಿಗೆ ಹಚ್ಚಿಸಿ, ಮ್ಯಾಲ ಹೇಳಿದಂಗ ಬಿಸಿಯ ಅಂಕಿ ಏರತೈತೋ ಇಲ್ಲೋ ನೋಡ್ಕೊಂಡೇ ರೊಕ್ಕ ಕೊಡ್ರಿ.